ಲಗಾಮಿಗೆ ತೊಗಲಿನ ಗುಂಡಿ: ಕಿತ್ತುಹೋದವು, ಕೊನೆಗೆ ನಿಂತವು

ಕುದುರೆಯ ಲಗಾಮಿನ ಪಟ್ಟಿಯನ್ನು ಬಿಟ್‌ಗೆ (ಬಾಯಲ್ಲಿ ಕೂರುವ ಲೋಹದ ಕಡಿವಾಣ) ಸಿಕ್ಕಿಸಲು ತುದಿಯಲ್ಲಿದ್ದ ಲೋಹದ ಕೊಕ್ಕೆ ಕಿತ್ತುಹಾಕಿ, ಆ ಜಾಗಕ್ಕೆ ಕೈಯಲ್ಲೇ ಸುತ್ತಿದ ತೊಗಲಿನ ಗುಂಡಿ ಕೂರಿಸಿದ್ದೇನೆ. ಎಡಕ್ಕೊಂದು, ಬಲಕ್ಕೊಂದು. ಒಂದು ಮಳೆಗಾಲ ಪೂರ್ತಿ ತಡೆದಿದೆ. ಇನ್ನು ಬರೆದಿಡಬಹುದು ಅನ್ನಿಸಿತು. ಅಳತೆ, ಖರ್ಚು, ಹಾಳಾದ ತುಂಡುಗಳು ಎಲ್ಲ ಇಲ್ಲಿವೆ.

ಈ ಗುಂಡಿ ನಮ್ಮ ಕಡೆಯದ್ದಲ್ಲ. ಅಮೆರಿಕದ ಪಶ್ಚಿಮ ಭಾಗದಲ್ಲಿ ದನ ಕಾಯುವ ಸವಾರರ ಸಾಮಾನಿನಲ್ಲಿ ಇದು ಮಾಮೂಲು. ಒಂದೇ ತೊಗಲಿನ ಪಟ್ಟಿ, ಅದರ ಅಗಲ ತುದಿಯನ್ನು ಸುತ್ತಿ, ನಡುವೆ ತೂತು ಹೊಡೆದು, ಸಣ್ಣ ತುದಿಯನ್ನು ಆ ತೂತಿನಲ್ಲಿ ತೂರಿಸಿ ಎಳೆದರೆ ಗುಂಡಿ ಆಯಿತು. ಹೊಲಿಗೆ ಇಲ್ಲ, ಅಂಟು ಇಲ್ಲ, ಲೋಹ ಇಲ್ಲ. ಅರ್ಜೆಂಟೀನಾದ ಗೌಚೊಗಳು, ಅಂದರೆ ಅಲ್ಲಿನ ದನಗಾಹಿ ಸವಾರರು, ಹಸಿ ತೊಗಲಿನ ಸಣ್ಣ ಎಳೆಗಳನ್ನು ಹೆಣೆದು ಗುಂಡಿ ಮಾಡುತ್ತಾರೆ. ಅದು ಬೇರೆಯೇ ವಿದ್ಯೆ, ಅದಕ್ಕೆ ನಾನು ಕೈ ಹಾಕಿಲ್ಲ. ನಮ್ಮ ಲಾಯಗಳಲ್ಲಿ ಕಾಣುವುದು ಹೆಚ್ಚಾಗಿ ಇಂಗ್ಲಿಷ್ ಮಾದರಿಯ ಸಾಮಾನು, ಬಕಲ್ ಇಲ್ಲಾ ಕೊಕ್ಕೆ.

ನನ್ನ ಲಗಾಮಿನದ್ದು ಕೊಕ್ಕೆ. ಚುಕ್ಕಿ ಅಂತ ಒಂದು ಹೆಣ್ಣು ಕುದುರೆ, ಬೆವರು ಜಾಸ್ತಿ. ಬೆವರಿನ ಉಪ್ಪಿಗೆ ಕೊಕ್ಕೆಯ ಮೇಲಿನ ಬೆಳ್ಳಿ ಬಣ್ಣದ ಲೇಪ ಎದ್ದುಹೋಯಿತು, ಒಳಗಿನ ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕು ತಾಗಿದ ಕಡೆ ತೊಗಲು ಕಪ್ಪಾಗಿ, ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು. ಪಟ್ಟಿಯ ಉಳಿದ ಭಾಗ ಚೆನ್ನಾಗಿಯೇ ಇತ್ತು. ಹೊಸ ಜೋಡಿಗೆ 2,600 ರೂಪಾಯಿ ಕೇಳಿದರು. ಬರೀ ತುದಿ ಹಾಳಾಗಿದ್ದಕ್ಕೆ ಅಷ್ಟು ಕೊಡಲು ಮನಸ್ಸು ಬರಲಿಲ್ಲ. ಹಾಳಾದ ತುದಿಯನ್ನು 60 ಮಿ.ಮೀ. ಕತ್ತರಿಸಿ ಬಿಸಾಡಿದೆ, ಲಗಾಮು ಉದ್ದ ಇದ್ದಿದ್ದರಿಂದ ಆ 60 ಲೆಕ್ಕಕ್ಕೆ ಬರಲಿಲ್ಲ.

1. ಯಾವ ತೊಗಲು

ಮೊದಲು ಮನೆಯಲ್ಲಿದ್ದ ಸೋಫಾ ತೊಗಲಿನ ತುಂಡಲ್ಲಿ ಮಾಡಿ ನೋಡಿದೆ. ಸುತ್ತುವುದಕ್ಕೆ ಬೆಣ್ಣೆ. ಆದರೆ ಗುಂಡಿ ಗಟ್ಟಿಯಾಗಲೇ ಇಲ್ಲ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತೆ, ಬಿಟ್ಟರೆ ಎದ್ದು ಬರುತ್ತೆ, ಕಾಜದಿಂದ ತಾನಾಗಿ ಜಾರುತ್ತೆ. ಅದು ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ತೊಗಲು, ಒದ್ದೆ ಮಾಡಿ ಒತ್ತಿದ ಆಕಾರ ಅದರಲ್ಲಿ ನಿಲ್ಲುವುದಿಲ್ಲ. ಬೇಕಾದದ್ದು ಮರದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ್ದು. ಅಂಗಡಿಯಲ್ಲಿ ‘ವೆಜ್ ಟ್ಯಾನ್’ ಅಂತ ಕೇಳಿ.

ಅಂಗಡಿಯವರು ವೆಜ್ ಟ್ಯಾನ್ ಅಂದ ಮಾತ್ರಕ್ಕೆ ನಂಬಬೇಡಿ. ಕತ್ತರಿಸಿದ ಅಂಚು ನೋಡಿ, ನಡುವೆ ತಿಳಿ ನೀಲಿಯೋ ಬೂದಿಯೋ ಕಂಡರೆ ಕ್ರೋಮ್. ಅನುಮಾನ ಉಳಿದರೆ ಉಗುರಗಲದ ಚೂರನ್ನು ಕುದಿಯುವ ನೀರಿಗೆ ಹಾಕಿ. ವೆಜ್ ಟ್ಯಾನ್ ಆದರೆ ನೋಡ್ತಾ ನೋಡ್ತಾ ಮುದುರಿ ಕಟ್ಟಿಗೆಯಂತಾಗುತ್ತದೆ. ಕ್ರೋಮ್ ಹಾಗೇ ಇರುತ್ತದೆ. ಎರಡು ಅಂಗಡಿಯ ಚೂರು ತಂದು ಹೀಗೆ ಕುದಿಸಿದೆ, ಒಂದು ವೆಜ್ ಅಲ್ಲವೇ ಅಲ್ಲ ಅಂತ ಗೊತ್ತಾಯಿತು.

ಆಮೇಲೆ ಬೆಳಗಾವಿ ಜಿಲ್ಲೆಯ ಅಥಣಿಯಿಂದ ಚಪ್ಪಲಿ ಅಟ್ಟೆಯ ತೊಗಲು ತರಿಸಿದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ದವು. ಅಲ್ಲಿ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ತೊಗಲಿನ ಗುಣದಲ್ಲಿ ಎರಡು ಮಾತಿಲ್ಲ. ನನಗೆ ಬಂದ ತುಂಡು ಮಾತ್ರ 4.5 ಮಿ.ಮೀ. ದಪ್ಪ, ಅಟ್ಟೆಗೆ ಅಂತಲೇ ಬಿಗಿಯಾಗಿ ಹದ ಮಾಡಿದ್ದು. ಸುತ್ತುವಾಗ ಹೊರಮೈ ಅಡ್ಡಕ್ಕೆ ಬಿರುಕು ಬಿಟ್ಟಿತು. ಒಳಮೈ ಹೆರೆದು ತೆಳು ಮಾಡಿದ ಮೇಲೂ ಬಿಟ್ಟಿತು. ಆ ತುಂಡನ್ನು ಬೇರೆ ಕೆಲಸಕ್ಕೆ ಇಟ್ಟುಕೊಂಡೆ.

ಕೊನೆಗೆ ಕೆಲಸಕ್ಕೆ ಬಂದದ್ದು 3 ಮಿ.ಮೀ. ದಪ್ಪದ, ಎಣ್ಣೆ ಬಣ್ಣ ಯಾವುದೂ ಹಾಕದ ಎಮ್ಮೆ ತೊಗಲು. ಚದರಡಿಗೆ 210 ರೂಪಾಯಿ, ಎರಡಡಿಗಿಂತ ಕಡಿಮೆ ಕೊಡುವುದಿಲ್ಲ ಅಂದರು.

ಇಲ್ಲಿ ಒಂದು ವಿಷಯ. ತೊಗಲು ಕೊಳ್ಳುವಾಗ ಬೆನ್ನಿನ ಭಾಗ ಕೇಳಿ ತೆಗೆದುಕೊಳ್ಳಿ. ಹೊಟ್ಟೆಯ ಭಾಗ ಅಗ್ಗ, ಮೃದು, ಸುತ್ತಲು ಸುಲಭ, ಆದರೆ ಎಳೆದಷ್ಟೂ ಉದ್ದ ಆಗುತ್ತದೆ. ಪಟ್ಟಿಯನ್ನೂ ಬೆನ್ನೆಲುಬಿನ ಉದ್ದಕ್ಕೇ ಕತ್ತರಿಸಬೇಕು, ಅಡ್ಡಕ್ಕಲ್ಲ. ನೋಡುವವರೆಲ್ಲ ಗುಂಡಿಯ ತಲೆ ನೋಡುತ್ತಾರೆ, ಭಾರ ಹೊರುವುದು ಬಾಲ, ಅಂದರೆ ತೂತಿನಲ್ಲಿ ತೂರಿಸಿ ಎಳೆಯುವ ಸಣ್ಣ ತುದಿ. ನನ್ನಲ್ಲಿ ಹಾಳಾದ ಗುಂಡಿಗಳಲ್ಲಿ ಮುಕ್ಕಾಲು ಪಾಲು ಬಾಲದಲ್ಲೇ ಹಾಳಾದವು.

2. ಸಾಮಾನು

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತೂತು ಹೊಡೆಯುವ ಪಂಚ್‌ಗಳ ಸೆಟ್ 350 ರೂಪಾಯಿ, 3ರಿಂದ 8 ಮಿ.ಮೀ. ತನಕ. ಬಸ್ ಸ್ಟಾಂಡ್ ಹತ್ತಿರ ಚಪ್ಪಲಿ ಹೊಲಿಯುವ ತಾತನ ಹತ್ತಿರ ಹಳೇ ರಂಪಿಗೆ (ತೊಗಲು ಕೊಯ್ದು ಹೆರೆಯುವ ಕತ್ತಿ) ಒಂದು 180ಕ್ಕೆ. ಹೊಸ ಕಟರ್ ಬ್ಲೇಡ್ ಉದ್ದ ಗೆರೆ ಎಳೆಯಲು ಚೆನ್ನಾಗಿದೆ, ಹೆರೆಯುವುದಕ್ಕೆ ರಂಪಿಗೆಯೇ ಸರಿ. ತಾತ ಅದನ್ನು ಕೊಡುವ ಮುಂಚೆ ಕಲ್ಲಿಗೆ ತಿಕ್ಕಿ, ತನ್ನ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡಿದರು. ಅಂಚು ಜಾರದೆ ಉಗುರಿಗೆ ಕಚ್ಚಿಕೊಂಡು ನಿಂತ ಮೇಲೆಯೇ ಕೈಗೆ ಕೊಟ್ಟರು. ಮನೆಯಲ್ಲಿ ಈಗ ನಾನೂ ಅದೇ ಮಾಡುತ್ತೇನೆ.

ಉಳಿದದ್ದು ಸ್ಟೀಲ್ ಸ್ಕೇಲ್, ಮರದ ಸುತ್ತಿಗೆ, ಇಕ್ಕಳ, ದಬ್ಬಳ, ಹಳೇ ಸ್ಟೀಲ್ ಚಮಚ, ಕೆಳಗೆ ಇಡಲು ಹುಣಸೆ ಮರದ ಕೊರಡು.

3. ಕತ್ತರಿಸುವುದು

ಒಂದು ಗುಂಡಿಗೆ 300 ಮಿ.ಮೀ. ಉದ್ದ, 20 ಮಿ.ಮೀ. ಅಗಲದ ಪಟ್ಟಿ. ತೊಗಲಿನ ಲೆಕ್ಕದಲ್ಲಿ ಸುಮಾರು 14 ರೂಪಾಯಿ.

ಮೊದಲ 45 ಮಿ.ಮೀ. ಪೂರ್ತಿ 20 ಅಗಲ ಇರಲಿ, ಅದು ಸುತ್ತುವ ಭಾಗ. ಅಲ್ಲಿಂದ ಮುಂದಿನ 30 ಮಿ.ಮೀ.ಯಲ್ಲಿ ಅಗಲ ನಿಧಾನಕ್ಕೆ 10ಕ್ಕೆ ಇಳಿಯಬೇಕು. ಆಮೇಲೆ ಇನ್ನೂ ಸಣ್ಣಗಾಗುತ್ತಾ 7ಕ್ಕೆ ಬಂದು, ಕೊನೆಯ ತನಕ 7 ಉಳಿಯಲಿ. ತುದಿ ಮಾತ್ರ ಚೂಪು. ನಾನು ಮೊದಲು ಈ 30ರ ಇಳಿಜಾರು ಇಡದೆ, 20ರಿಂದ 10ಕ್ಕೆ ಸೀದಾ ಮೂಲೆ ಕತ್ತರಿಸಿದ್ದೆ. ನೋಡಲು ಅಚ್ಚುಕಟ್ಟು, ಆದರೆ ಎಳೆಯುವಾಗ ಒಳಮೂಲೆಯಲ್ಲೇ ಹರಿಯಿತು. ಮೂಲೆ ಎಲ್ಲಿದೆಯೋ ಹರಿಯುವುದು ಅಲ್ಲಿಂದಲೇ.

ಬಾಲಕ್ಕೆ 220 ಮಿ.ಮೀ.ಗೂ ಹೆಚ್ಚು ಬಿಟ್ಟಿದ್ದೇಕೆ ಅಂತ ಅನ್ನಿಸಬಹುದು. ಗುಂಡಿಗೆ ಬೇಕಾಗುವುದು ಅದರಲ್ಲಿ ಅರ್ಧವೂ ಅಲ್ಲ. ಆದರೆ ಒದ್ದೆ ತೊಗಲನ್ನು ಎಳೆಯಲು ಕೈಗೆ ಹಿಡಿತ ಬೇಕು. ಉಳಿತಾಯ ಮಾಡೋಣ ಅಂತ ಗಿಡ್ಡ ಕತ್ತರಿಸಿದರೆ ಇಕ್ಕಳದಲ್ಲಿ ಹಿಡಿಯಬೇಕಾಗುತ್ತದೆ, ಅದರ ಕಥೆ ಮುಂದೆ ಇದೆ.

ಆಮೇಲೆ ಒಳಮೈ ಹೆರೆದು ಪಟ್ಟಿ ಪೂರ್ತಿ 2 ಮಿ.ಮೀ.ಗೆ ತರಬೇಕು. ರಂಪಿಗೆಯನ್ನು ಮಲಗಿಸಿ, ನಿಮ್ಮಿಂದ ಆಚೆಗೆ ತಳ್ಳಿ. ಒಂದೇ ಸಲಕ್ಕೆ ಆಳಕ್ಕೆ ಇಳಿಸಲು ಹೋಗಬೇಡಿ. ಎಲ್ಲೋ ಒಂದು ಕಡೆ 1 ಮಿ.ಮೀ. ಆಗಿಬಿಟ್ಟರೆ ಆ ಪಟ್ಟಿ ಕೆಲಸ ಮುಗೀತು, ಬೇರೆ ಕತ್ತರಿಸಿ. ಅಂಚುಗಳ ಚೂಪನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ತೆಗೆಯಿರಿ.

4. ನೆನೆಸುವುದು, ಸುತ್ತುವುದು

ಪಟ್ಟಿಯನ್ನು ತಣ್ಣೀರಿನಲ್ಲಿ ಮುಳುಗಿಸಿ. ಸಣ್ಣ ಸಣ್ಣ ಗುಳ್ಳೆ ಬರುತ್ತವೆ. ಗುಳ್ಳೆ ನಿಂತಾಗ ತೆಗೆದು, ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದೆರಡು ಗಂಟೆ ಇಡಿ. ತೆಗೆದಾಗ ಮೇಲಿನ ಬಣ್ಣ ಒಣಗಿದ ತೊಗಲಿನ ಬಣ್ಣಕ್ಕೆ ವಾಪಸ್ಸು ಬರುತ್ತಿರಬೇಕು, ಮುಟ್ಟಿದರೆ ತಣ್ಣಗಿರಬೇಕು. ಅದೇ ಹದ. ನೀರು ತೊಟ್ಟಿಕ್ಕುವಾಗಲೇ ಸುತ್ತಿದರೆ ಎಳೆದಾಗ ಬಾಲ ಉದ್ದವಾಗಿ ತೆಳುವಾಗುತ್ತದೆ, ಒಣಗಿದ ಮೇಲೆ ಗುಂಡಿ ಸಡಿಲ. ಬಿಸಿನೀರು ಬೇಡವೇ ಬೇಡ, ಮೇಲೆ ಹೇಳಿದ ಕುದಿಸುವ ಪರೀಕ್ಷೆ ನೆನಪಿದೆ ಅಲ್ವಾ?

ಹೊರಮೈ ಹೊರಗೆ ಇರುವಂತೆ, ಅಗಲ ತುದಿಯಿಂದ ಚಪ್ಪಟೆಯಾಗಿ ಮಡಿಸುತ್ತಾ ಬನ್ನಿ. ಮೊದಲ ಮಡಿಕೆ 12 ಮಿ.ಮೀ., ಎರಡನೆಯದು 14, ಮೂರನೆಯದು 17. ಪ್ರತಿ ಮಡಿಕೆಯೂ ಒಳಗಿನದ್ದನ್ನು ಹೊದ್ದುಕೊಳ್ಳಬೇಕಾದ್ದರಿಂದ ಅಳತೆ ಏರುತ್ತಾ ಹೋಗುತ್ತದೆ. ಸಮ ಅಳತೆಯಲ್ಲಿ ಮಡಿಸಿದರೆ ಒಳಗಿನ ಪದರ ಪಕ್ಕಕ್ಕೆ ಇಣುಕುತ್ತದೆ. ಕೊನೆಗೆ ನಾಲ್ಕು ಪದರ, ಸುಮಾರು 8 ಮಿ.ಮೀ. ದಪ್ಪದ ಕಟ್ಟು. ಮರದ ಸುತ್ತಿಗೆಯಲ್ಲಿ ಎರಡು ಸಲ ಮೆಲ್ಲಗೆ ತಟ್ಟಿ, ಇಬ್ಬದಿಗೂ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹಿಡಿದಿಡಿ.

5. ತೂತು

ಇಡೀ ಕೆಲಸದ ಜೀವ ಇಲ್ಲಿದೆ.

ಕಟ್ಟಿನ ಸರಿಯಾದ ನಡುವೆ, ನಾಲ್ಕೂ ಪದರ ದಾಟಿ ತೂತು ಬೀಳಬೇಕು. 5 ಮಿ.ಮೀ. ಪಂಚ್‌ನಲ್ಲಿ ಹೊಡೆದಾಗ ಬಾಲ ಅರ್ಧ ಬಂದು ಸಿಕ್ಕಿಕೊಂಡಿತು, ಜೋರಾಗಿ ಎಳೆದದ್ದಕ್ಕೆ ತುಂಡಾಯಿತು. 7ರಲ್ಲಿ ಹೊಡೆದೆ, ಸರಾಗವಾಗಿ ಬಂತು, ಒಣಗಿದ ಮೇಲೆ ಅಷ್ಟೇ ಸರಾಗವಾಗಿ ವಾಪಸ್ಸು ಜಾರಿತು. 6 ಸರಿ. ತೂತಿನ ಜಾಗದಲ್ಲಿ ಬಾಲ 10 ಅಗಲ, 2 ದಪ್ಪ, ಅಂದರೆ 20 ಚದರ ಮಿ.ಮೀ. ತೂತು 28. ಆ ಉಳಿದ ಚೂರು ಜಾಗದಲ್ಲಿ ಬಾಲ ಮಡಚಿಕೊಂಡು ಬಿಗಿಯಾಗಿ ಕೂರುತ್ತದೆ. ನಿಮ್ಮ ತೊಗಲು ದಪ್ಪ ಬೇರೆ ಇದ್ದರೆ ಇದೇ ಲೆಕ್ಕ ಹಿಡಿದು ಪಂಚ್ ಆರಿಸಿಕೊಳ್ಳಿ.

ಪಂಚ್ ನೇರವಾಗಿ ನಿಲ್ಲಬೇಕು. ಸ್ವಲ್ಪ ವಾಲಿದರೂ ಮೇಲೆ ನಡುವೆ ಇದ್ದ ತೂತು ಕೆಳಗೆ ಅಂಚಿಗೆ ಬಂದಿರುತ್ತದೆ. ನಾಲ್ಕು ಪದರಕ್ಕೆ ಒಂದೇ ಏಟು ಸಾಲದು, ಹೊಡೆದು, ಪಂಚ್ ತಿರುಗಿಸಿ, ಮತ್ತೆ ಹೊಡೆಯಿರಿ.

ಈಗ ಬಾಲವನ್ನು ಸುತ್ತಿದ ದಿಕ್ಕಿನಲ್ಲೇ ಇನ್ನೊಂದು ಅರ್ಧ ಸುತ್ತು ಮುಂದುವರಿಸಿ ಕಟ್ಟಿನ ಮೇಲಕ್ಕೆ ತನ್ನಿ. ಅಲ್ಲಿಂದ ತೂತಿಗೆ ಇಳಿಸಿ ಕೆಳಗೆ ಹೊರತೆಗೆಯಿರಿ. ಚೂಪು ತುದಿಗೆ ಸ್ವಲ್ಪ ಸೋಪು ಸವರಿ, ದಬ್ಬಳದಲ್ಲಿ ತಳ್ಳಿದರೆ ಬೇಗ ಇಳಿಯುತ್ತದೆ. ಬಾಲವನ್ನು ಎಡಗೈಗೆ ಸುತ್ತಿಕೊಂಡು, ಕಟ್ಟನ್ನು ಬಲಗೈಯಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ಜಗ್ಗಬೇಡಿ. ಎಳೆಯುತ್ತಿದ್ದಂತೆ ಚೌಕ ಕಟ್ಟಿನ ಭುಜಗಳು ಒಳಗೆ ಇಳಿದು, ಮೇಲೆ ಹೊದ್ದ ಪದರ ಬಿಗಿಯಾಗಿ, ನಡುವೆ ಹೊಕ್ಕುಳಿನಂತೆ ಗುಳಿ ಬೀಳುತ್ತದೆ. ಅಲ್ಲಿಗೆ ನಿಲ್ಲಿಸಿ. ಅಳತೆ ಸುಮಾರು 20 ಉದ್ದ, 15 ಅಗಲ, 10 ದಪ್ಪ.

ಇನ್ನು ಇಕ್ಕಳದ ಕಥೆ. ಗಿಡ್ಡ ಬಾಲ ಒಂದನ್ನು ಕಬ್ಬಿಣದ ಇಕ್ಕಳದಲ್ಲಿ ಹಿಡಿದು ಎಳೆದೆ. ಗುಂಡಿ ಚೆನ್ನಾಗಿ ಬಂತು. ಬೆಳಿಗ್ಗೆ ನೋಡಿದರೆ ಇಕ್ಕಳದ ಹಲ್ಲು ಕಚ್ಚಿದ ಕಡೆ ಸಾಲಾಗಿ ನೀಲಿಗಪ್ಪು ಗೆರೆಗಳು. ತೊಗಟೆಯ ರಸವೂ ಕಬ್ಬಿಣವೂ ಒದ್ದೆಯಲ್ಲಿ ಸೇರಿದರೆ ಶಾಯಿ ಆಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ನಿಂಬೆರಸ ಸವರಿದೆ, ಕಲೆ ಬಹುಪಾಲು ಹೋಯಿತು. ಆಮೇಲೆ ನೀರಿನಲ್ಲಿ ತೊಳೆಯುವುದು ಮರೆಯಬಾರದು, ಹುಳಿ ತೊಗಲಿನಲ್ಲಿ ಉಳಿಯಬಾರದು. ಈಗ ಇಕ್ಕಳದ ಬಾಯಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದೇನೆ. ನೆನೆಸುವುದಕ್ಕೂ ಕಬ್ಬಿಣದ ಬಾಣಲೆ ಬೇಡ, ಪ್ಲಾಸ್ಟಿಕ್ ಮಗ್ ಸಾಕು.

ಗುಂಡಿ ಇನ್ನೂ ತೇವ ಇರುವಾಗಲೇ ಚಮಚದ ಬೆನ್ನಿನಲ್ಲಿ ಅಂಚೆಲ್ಲ ಉಜ್ಜಿ ಗುಂಡಗೆ ಮಾಡಿ. ನೆರಳಲ್ಲಿ ಎರಡು ದಿನ ಒಣಗಲಿ. ಆತುರಕ್ಕೆ ತಾರಸಿಯ ಬಿಸಿಲಿಗೆ ಇಟ್ಟ ಒಂದು ಗುಂಡಿ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿಯಿತು, ಕೂರಿಸುವಾಗ ಸಿಪ್ಪೆ ಬಿಟ್ಟಿತು.

6. ಕಾಜ, ಮತ್ತು ಲಗಾಮಿಗೆ ಕೂರಿಸಿದ್ದು

ಲಗಾಮಿನ ಪಟ್ಟಿ 19 ಮಿ.ಮೀ. ಅಗಲ, 3 ದಪ್ಪ. ತುದಿಯ 110 ಮಿ.ಮೀ. ಬಿಟ್‌ನ ಬಳೆಯೊಳಗೆ ಹೋಗಿ ವಾಪಸ್ಸು ಮಡಚಿಕೊಳ್ಳುತ್ತದೆ. ಆ ಮಡಚಿದ ತುದಿಯಲ್ಲಿ ಕಾಜ, ಮಡಚದ ಭಾಗದಲ್ಲಿ ಗುಂಡಿ. ಗುಂಡಿ ಕುದುರೆಯ ಕೆನ್ನೆ ಕಡೆಗಲ್ಲ, ಆಚೆ ಕಡೆ ಮುಖ ಮಾಡಿರಬೇಕು, ಇಲ್ಲದಿದ್ದರೆ ಉಜ್ಜುತ್ತೆ.

ಗುಂಡಿ ಕೂರಿಸಲು ಪಟ್ಟಿಯ ನಡುಗೆರೆಯಲ್ಲಿ ಮೂರು ತೂತು, 15 ಮಿ.ಮೀ. ಅಂತರ. ಮೊದಲನೆಯದು 6 ಮಿ.ಮೀ., ಉಳಿದೆರಡು 5. ಬಾಲವನ್ನು ಮೊದಲ ತೂತಲ್ಲಿ ಕೆಳಗೆ ಇಳಿಸಿ, ಎರಡನೆಯದರಲ್ಲಿ ಮೇಲಕ್ಕೆ ತಂದು, ಮೂರನೆಯದರಲ್ಲಿ ಮತ್ತೆ ಕೆಳಗೆ. ಈಗ ಕೆಳಗಡೆ ಮೊದಲೆರಡು ತೂತುಗಳ ನಡುವೆ ಬಾಲದ ಒಂದು ತುಂಡು ಕಾಣುತ್ತದೆ. ಅದರಲ್ಲಿ ಉದ್ದಕ್ಕೆ 8 ಮಿ.ಮೀ. ಸೀಳು ಹಾಕಿ, ಬಾಲದ ತುದಿಯನ್ನು ಆ ಸೀಳಿನಲ್ಲಿ ತೂರಿಸಿ ಎಳೆದರೆ ಬೀಗ ಬಿತ್ತು. ಬಾಲವನ್ನು ಮತ್ತೆ ಸ್ವಲ್ಪ ಒದ್ದೆ ಮಾಡಿ ಎಳೆದರೆ ಒಣಗಿದ ಮೇಲೆ ಅಲುಗಾಡುವುದಿಲ್ಲ. 15 ಮಿ.ಮೀ. ಬಿಟ್ಟು ಉಳಿದದ್ದು ಕತ್ತರಿಸಿ. ಗುಂಡಿಗೂ ಪಟ್ಟಿಗೂ ನಡುವೆ 4 ಮಿ.ಮೀ. ಕುತ್ತಿಗೆ ಬಿಡಲೇಬೇಕು. ಕಾಜದ ತೊಗಲೇ 3 ಮಿ.ಮೀ. ಇದೆ, ಅದಕ್ಕೆ ಕೂರಲು ಜಾಗ ಬೇಡವೇ.

ಕಾಜ ಪಟ್ಟಿಯ ಉದ್ದಕ್ಕೆ. ಎರಡು ತುದಿಗೆ 3 ಮಿ.ಮೀ. ತೂತು ಹೊಡೆದು, ಆಮೇಲೆ ನಡುವೆ ಸೀಳಬೇಕು. ಬರೀ ಸೀಳಿದರೆ ಅದು ದಿನಾ ಚೂರುಚೂರೇ ಮುಂದೆ ಹರಿಯುತ್ತಾ ಹೋಗುತ್ತದೆ. ಒಟ್ಟು ಉದ್ದ 16 ಮಾಡಿದಾಗ ಗುಂಡಿ ಹೋಗಲೇ ಇಲ್ಲ. 22 ಮಾಡಿದಾಗ ಕುದುರೆ ತಲೆ ಕೊಡವಿದ್ದಕ್ಕೆ ಕಳಚಿತು. ಪುಣ್ಯಕ್ಕೆ ಅದು ಕಟ್ಟೆಯ ಪಕ್ಕ ನಿಂತಿದ್ದಾಗ, ಸವಾರಿಯಲ್ಲಲ್ಲ. 18ಕ್ಕೆ ಕತ್ತರಿಸಿ, ಚಮಚದ ಹಿಡಿಯನ್ನು ಒಳಗೆ ತೂರಿಸಿ ಹಿಗ್ಗಿಸಿದೆ. ಬಳಕೆಯಲ್ಲಿ ತಾನಾಗಿ 20ರ ಸುಮಾರಿಗೆ ಬಂದಿದೆ. ಗುಂಡಿಯನ್ನು ಪಕ್ಕಕ್ಕೆ ವಾಲಿಸಿ, ಸಣ್ಣ ಮೂತಿ ಮೊದಲು ತೂರಿಸಬೇಕು.

ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣನಿಗೆ ಮೊದಮೊದಲು ಇದು ಇಷ್ಟವಾಗಲಿಲ್ಲ. ‘ಕೊಕ್ಕೆ ಆದ್ರೆ ಒಂದು ಕೈಲಿ ಬಿಚ್ಚಬಹುದು ಸಾರ್, ಇದಕ್ಕೆ ಉಗುರು ಕಿತ್ತು ಹೋಗುತ್ತೆ’ ಅಂದರು. ಮಾತು ನಿಜ. ಮೊದಲ ಒಂದು ತಿಂಗಳು ಬಿಚ್ಚಲು ಎರಡು ಕೈ ಬೇಕಿತ್ತು. ದಿನಾ ತೊಳೆಯಲು ಬಿಟ್ ಬಿಚ್ಚುವವರಿಗೆ ಇದು ಕಿರಿಕಿರಿಯೇ.

7. ಭಾರ ಹಾಕಿ ನೋಡಿದ್ದು

ಕುದುರೆಗೆ ಹಾಕುವ ಮುಂಚೆ ಮನೆಯಲ್ಲೇ ಪರೀಕ್ಷೆ. ಗೇಟಿನ ಪೈಪಿಗೆ ಲಗಾಮಿನ ತುದಿ ಸುತ್ತಿ ಗುಂಡಿ ಹಾಕಿ, ಕೆಳಗೆ 20 ಲೀಟರ್ ನೀರಿನ ಕ್ಯಾನ್ ನೇತು ಹಾಕಿದೆ. ಒಂದು ಕ್ಯಾನ್ ರಾತ್ರಿಯೆಲ್ಲ, ಆಮೇಲೆ ಎರಡು ಕ್ಯಾನ್ ಸ್ವಲ್ಪ ಹೊತ್ತು. ಬೆನ್ನಿನ ತೊಗಲಿನ ಗುಂಡಿ ಹಾಗೇ ಇತ್ತು. ಹೊಟ್ಟೆಯ ಭಾಗದಿಂದ ಮಾಡಿದ್ದನ್ನೂ ಹಾಕಿ ನೋಡಿದೆ, ಹರಿಯಲಿಲ್ಲ, ಆದರೆ ಕುತ್ತಿಗೆ 6 ಮಿ.ಮೀ. ಉದ್ದವಾಗಿ ಗುಂಡಿ ಒಂದು ಕಡೆ ವಾಲಿಕೊಂಡಿತು.

ಪಟ್ಟಿ ಮಡಚಿಕೊಂಡಿರುವುದರಿಂದ ಎಳೆತದ ಅರ್ಧ ಮಾತ್ರ ಗುಂಡಿಗೆ ಬೀಳುತ್ತದೆ. ಹಾಗಾಗಿ ಬೇಡದ ಒಂದು ಗುಂಡಿಗೆ ನೇರವಾಗಿಯೇ ಭಾರ ಕಟ್ಟಿದೆ. ಒಂದು ಕ್ಯಾನ್ ತಡೆಯಿತು. ಎರಡನೆಯದಕ್ಕೆ ಕುತ್ತಿಗೆ ಹರಿಯಿತು, ನೀರೆಲ್ಲ ಅಂಗಳಕ್ಕೆ. ಹರಿದದ್ದು ಬಾಲ, ತಲೆ ಹಾಗೇ ಇತ್ತು. ಇದು ನನಗೆ ಸಮಾಧಾನದ ಫಲಿತಾಂಶವೇ. ಲಗಾಮು ಕೆಳಗೆ ಬಿದ್ದು ಕುದುರೆ ಅದರ ಮೇಲೆ ಕಾಲಿಟ್ಟರೆ ಏನೋ ಒಂದು ಹರಿಯಲೇಬೇಕು. ಅದು 14 ರೂಪಾಯಿಯ ಗುಂಡಿ ಆಗಲಿ, ಚುಕ್ಕಿಯ ಬಾಯಿ ಬೇಡ. ಆದ್ದರಿಂದ ಇನ್ನೂ ಗಟ್ಟಿ ಮಾಡೋಣ ಅಂತ ಬಾಲವನ್ನು 3 ಮಿ.ಮೀ. ದಪ್ಪ ಬಿಡುವ ಯೋಚನೆ ಕೈಬಿಟ್ಟೆ.

8. ಎಣ್ಣೆ

ತೆಂಗಿನೆಣ್ಣೆ ಹಚ್ಚಿದೆ. ಬೇಡ. ಡಿಸೆಂಬರ್ ಚಳಿಗೆ ಗುಂಡಿಯ ಗುಳಿಯಲ್ಲಿ ಬಿಳಿಯಾಗಿ ಹೆಪ್ಪುಗಟ್ಟಿತು, ಅದು ಹೋಗಲಿ, ಲಾಯದ ಇಲಿಗಳಿಗೆ ಊಟವಾಯಿತು. ಒಂದು ಬಿಡಿ ಗುಂಡಿಯನ್ನು ಅರ್ಧ ತಿಂದು ಬಿಟ್ಟಿದ್ದವು.

ಈಗ ಹರಳೆಣ್ಣೆ 2 ಪಾಲು, ಜೇನುಮೇಣ 1 ಪಾಲು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಿಟ್ಟು ಕರಗಿಸಿ, ತಣ್ಣಗಾದ ಮೇಲೆ ಬೆರಳಲ್ಲಿ ತೆಳ್ಳಗೆ ಹಚ್ಚುತ್ತೇನೆ. ಗುಂಡಿಗೆ ಧಾರಾಳ, ಕಾಜಕ್ಕೆ ಸುಮ್ನೆ ಮುಟ್ಟಿಸಿದಷ್ಟು. ಕಾಜಕ್ಕೆ ಎಣ್ಣೆ ಜಾಸ್ತಿ ಆದರೆ ಮೆತ್ತಗಾಗಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಬಂತು, ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ತೂಗುಹಾಕಿದರೆ ಹೋಗುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ.

ಖರ್ಚು

ಎಮ್ಮೆ ತೊಗಲು 420, ಪಂಚ್ ಸೆಟ್ 350, ರಂಪಿಗೆ 180, ಅಥಣಿ ತುಂಡು 200, ಕುದಿಸಿ ಬಿಸಾಡಿದ ಚೂರುಗಳು ಮತ್ತು ಕ್ರೋಮ್ ತುಂಡು ಸೇರಿ 150, ಜೇನುಮೇಣ 120, ಹರಳೆಣ್ಣೆ 60. ಒಟ್ಟು 1,480 ರೂಪಾಯಿ. ಹೊಸ ಲಗಾಮಿಗಿಂತ ಕಡಿಮೆ, ಕೂಲಿ ಲೆಕ್ಕ ಹಾಕದಿದ್ದರೆ. ಇನ್ನೂ ಒಂದೂವರೆ ಅಡಿಗೂ ಜಾಸ್ತಿ ತೊಗಲು ಉಳಿದಿದೆ.

ಸದ್ಯದ ಸ್ಥಿತಿ

ಗುಂಡಿಗಳು ಎರಡೂ ಗಟ್ಟಿ. ಎಡಗಡೆಯ ಕಾಜ ಮಾತ್ರ ಬಲಗಡೆಗಿಂತ ಬೇಗ ಸಡಿಲಾಗುತ್ತಿದೆ, ಅಳೆದರೆ 21 ಬಂತು. ಕುದುರೆಯನ್ನು ನಡೆಸಿಕೊಂಡು ಹೋಗುವುದು ಎಡಗಡೆಯಿಂದ, ಹತ್ತುವುದೂ ಎಡಗಡೆಯಿಂದ, ಆ ಕಡೆಗೇ ಎಳೆತ ಜಾಸ್ತಿ. 22 ಆದರೆ ಕಳಚುತ್ತೆ ಅಂತ ಈಗಾಗಲೇ ಗೊತ್ತು. ಈ ವಾರ ಎಡ ಬಲ ಅದಲು ಬದಲು ಮಾಡಿ ಹಾಕುತ್ತಿದ್ದೇನೆ. ಜೊತೆಗೆ ಎಡಗಡೆಗೆ ಅಂತ 22 ಅಗಲದ ಪಟ್ಟಿಯಿಂದ ಸ್ವಲ್ಪ ದೊಡ್ಡ ಗುಂಡಿ ಒಂದನ್ನು ಸುತ್ತಿ ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ಪಂಚ್ ಅದಕ್ಕೂ 6 ಮಿ.ಮೀ.ಯದ್ದೇ.